50 ಮೀಟರ್ ದೂರಕ್ಕೆ ಒಂಟಿಗೈಯ ಪಿಸ್ತೂಲ್: ಗುರಿ ಏಕೆ ತಪ್ಪುತ್ತದೆ, ಹೇಗೆ ಕಲಿಯಬೇಕು

ಕೈಲ್ ಮುಹೂರ್ತದ ದಿನ ಕೊಡಗಿನಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯನ್ನು ಹತ್ತಿರ ನಿಂತು ನೋಡಿದವರಿಗೆ ಒಂದು ಸಂಗತಿ ತಾನಾಗಿ ಕಣ್ಣಿಗೆ ಬೀಳುತ್ತದೆ. ಕೋವಿ ಹಿಡಿದವರು ಅದರ ಹಿಂಬದಿಯನ್ನು ಭುಜಕ್ಕೆ ಒತ್ತಿ, ಕೆನ್ನೆಯನ್ನು ಮರಕ್ಕೆ ತಾಗಿಸಿ, ಎರಡೂ ಕೈಗಳಿಂದ ಬಿಗಿಹಿಡಿದಿರುತ್ತಾರೆ; ಅಂದರೆ ಕೋವಿ ಮೈಗೆ ನಾಲ್ಕು ಕಡೆ ಅಂಟಿಕೊಂಡಿರುತ್ತದೆ. ಪಿಸ್ತೂಲಿಗೆ ಆ ಭಾಗ್ಯವಿಲ್ಲ. ಚಾಚಿದ ತೋಳಿನ ತುದಿಯಲ್ಲಿ, ಒಂದೇ ಅಂಗೈಯ ಆಸರೆಯಲ್ಲಿ ಅದು ನಿಂತಿರುತ್ತದೆ, ಮತ್ತು ಭುಜ, ಮೊಣಕೈ, ಮಣಿಕಟ್ಟು, ಬೆರಳು ಇವುಗಳಲ್ಲಿ ಯಾವುದು ಅಲುಗಿದರೂ ನಳಿಕೆಯ ಬಾಯಿ ಅಲುಗುತ್ತದೆ. ರೈಫಲ್ ಹೊಡೆಯುವವರು ಪಿಸ್ತೂಲ್ ಕೈಗೆತ್ತಿಕೊಂಡ ಮೊದಲ ದಿನ ಪೆಚ್ಚಾಗುವುದು ಇದೇ ಕಾರಣಕ್ಕೆ.

ಇಲ್ಲಿ ಹೇಳುತ್ತಿರುವುದು 50 ಮೀಟರ್ ಪಿಸ್ತೂಲ್ ಸ್ಪರ್ಧೆಯ ಬಗ್ಗೆ. ರೇಂಜಿನ ಹಳಬರು ಈಗಲೂ ಇದನ್ನು ಫ್ರೀ ಪಿಸ್ತೂಲ್ ಎಂದೇ ಕರೆಯುತ್ತಾರೆ. 0.22 ಬೋರಿನ, ಒಂದು ಸಲಕ್ಕೆ ಒಂದೇ ಗುಂಡು ತುಂಬುವ ಪಿಸ್ತೂಲನ್ನು ಒಂದೇ ಕೈಯಲ್ಲಿ ಹಿಡಿದು, ದುರ್ಬೀನಿನ ನೆರವಿಲ್ಲದೆ ತೆರೆದ ಸೈಟುಗಳಿಂದಲೇ, ಅಂದರೆ ಪಿಸ್ತೂಲಿನ ಮೇಲೆ ಹಿಂದಿರುವ ಸೀಳು ಮತ್ತು ಮುಂದಿರುವ ಕಡ್ಡಿ ಇವೆರಡನ್ನು ಹೊಂದಿಸಿಯೇ, ಗುರಿ ನೋಡಿ 60 ಗುಂಡು ಹೊಡೆಯಬೇಕು. ಹತ್ತು ಅಂಕದ ವೃತ್ತದ ಅಗಲ 50 ಮಿಲಿಮೀಟರ್, ದೊಡ್ಡದೊಂದು ನಿಂಬೆಹಣ್ಣಿನಷ್ಟು. 2016ರ ರಿಯೊ ಒಲಿಂಪಿಕ್ಸ್ ನಂತರ ಈ ಸ್ಪರ್ಧೆಯನ್ನು ಒಲಿಂಪಿಕ್ಸ್‌ನಿಂದ ಕೈಬಿಡಲಾಯಿತು, ಆದರೆ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅದು ಉಳಿದಿದೆ. 2018ರಲ್ಲಿ ದಕ್ಷಿಣ ಕೊರಿಯಾದ ಚಾಂಗ್ವಾನ್‌ನಲ್ಲಿ ಭಾರತದ ಓಂ ಪ್ರಕಾಶ್ ಮಿಥರ್ವಾಲ್ ಚಿನ್ನ ಗೆದ್ದದ್ದು ಇದರಲ್ಲೇ. ಬೆಂಗಳೂರಿನ ಪ್ರಕಾಶ್ ನಂಜಪ್ಪ ರಿಯೊಗೆ ಹೋಗಿದ್ದೂ ಇದೇ ಸ್ಪರ್ಧೆಗೆ. ಪಿಸ್ತೂಲ್ ವಿದ್ಯೆಯ ನಿಜವಾದ ಪರೀಕ್ಷೆ ಇದು ಎಂದು ನಂಬಿರುವವರಲ್ಲಿ ನಾನೂ ಒಬ್ಬ, ಹಾಗಾಗಿ ಮುಂದಿನ ಮಾತುಗಳಲ್ಲಿ ಸ್ವಲ್ಪ ಪಕ್ಷಪಾತ ಕಂಡರೆ ಸಹಿಸಿಕೊಳ್ಳಬೇಕು.

ಕಾನೂನಿನ ವಿಷಯವನ್ನು ಮೊದಲೇ ಮುಗಿಸಿಬಿಡೋಣ. 0.22 ಪಿಸ್ತೂಲಿಗೆ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಪರವಾನಗಿ ಬೇಕು, ಆದ್ದರಿಂದ ಕಲಿಕೆ ಮಾನ್ಯತೆ ಪಡೆದ ಕ್ಲಬ್ಬು ಅಥವಾ ರಾಜ್ಯ ರೈಫಲ್ ಸಂಸ್ಥೆಯ ಮೂಲಕ, ಕೋಚ್ ಸಮ್ಮುಖದಲ್ಲೇ ಆಗಬೇಕು. ನಳಿಕೆಯ ಬಾಯಿ ಸದಾ ಗುರಿಯ ಕಡೆಗಿರಬೇಕು, ಆಜ್ಞೆ ಬರುವವರೆಗೆ ಗುಂಡು ತುಂಬಬಾರದು, ಸೈಟುಗಳು ಗುರಿಯ ಕಡೆ ಇಳಿಯುವವರೆಗೆ ಬೆರಳು ಟ್ರಿಗರ್ ಮೇಲೆ ಹೋಗಬಾರದು, ಕಿವಿಗೂ ಕಣ್ಣಿಗೂ ರಕ್ಷಣೆ ಇರಬೇಕು. ಇವುಗಳಲ್ಲಿ ಯಾವುದಕ್ಕೂ ವಿನಾಯಿತಿ ಇಲ್ಲ.

ಮೊದಲು ಲೆಕ್ಕ

ಎಲ್ಲಕ್ಕಿಂತ ಮುಂಚೆ ಒಂದು ಸಣ್ಣ ಲೆಕ್ಕವನ್ನು ಮನಸ್ಸಿಗೆ ತಂದುಕೊಳ್ಳುವುದು ಅಗತ್ಯ, ಏಕೆಂದರೆ ಮುಂದಿನ ಪ್ರತಿಯೊಂದು ಹಂತವೂ ಇದರ ಮೇಲೆಯೇ ನಿಂತಿದೆ. ಹಿಂದಿನ ಸೈಟಿಗೂ ಮುಂದಿನ ಸೈಟಿಗೂ ನಡುವೆ 350 ಮಿಲಿಮೀಟರ್ ಅಂತರವಿದೆ ಎಂದಿಟ್ಟುಕೊಳ್ಳಿ. ಮುಂದಿನ ಸೈಟಿನ ತುದಿ ಹಿಂದಿನ ಸೈಟಿನ ಸೀಳಿನ ನಟ್ಟನಡುವಿನಿಂದ 1 ಮಿಲಿಮೀಟರ್ ಸರಿದರೆ, 50 ಮೀಟರ್ ದೂರದಲ್ಲಿ ಗುಂಡು ಸುಮಾರು 143 ಮಿಲಿಮೀಟರ್ ಸರಿಯುತ್ತದೆ. ಹತ್ತು ಬೀಳಬೇಕಾದ ಕಡೆ ಐದು ಬೀಳುತ್ತದೆ. ಕೂದಲೆಳೆಯಷ್ಟು, ಅಂದರೆ 0.1 ಮಿಲಿಮೀಟರ್ ಸರಿದರೂ ಗುಂಡು 14 ಮಿಲಿಮೀಟರ್ ಆಚೆ ಹೋಗುತ್ತದೆ. ಎರಡು ಕೂದಲೆಳೆ ಸರಿಯಿತೆಂದರೆ ಹತ್ತರ ಅಂಚು ದಾಟುವ ಹೊತ್ತಿಗೆ ಬಂದಿರುತ್ತೀರಿ.

ಈಗ ಇನ್ನೊಂದು ಬಗೆಯ ತಪ್ಪನ್ನು ನೋಡಿ. ಎರಡೂ ಸೈಟುಗಳು ಸರಿಯಾಗಿ ಒಂದಾಗಿವೆ, ಆದರೆ ತೋಳು ತೂಗಾಡುತ್ತಿರುವುದರಿಂದ ಇಡೀ ಸೈಟು ಗುರಿಯ ಕೆಳಗೆ ಆಚೀಚೆ ಓಡಾಡುತ್ತಿದೆ. ಮುಂದಿನ ಸೈಟು ಕಣ್ಣಿನಿಂದ ಸುಮಾರು ಒಂದು ಮೀಟರ್ ದೂರದಲ್ಲಿರುವುದರಿಂದ, ಅಲ್ಲಿ 1 ಮಿಲಿಮೀಟರಿನಷ್ಟು ಓಲಾಡಿದಂತೆ ಕಂಡದ್ದು ಗುರಿಯ ಮೇಲೆ 50 ಮಿಲಿಮೀಟರ್ ಆಗುತ್ತದೆ. ಕಣ್ಣಿಗೆ ಒಂದೇ ಅಳತೆಯಾಗಿ ಕಾಣುವ ಎರಡು ತಪ್ಪುಗಳಲ್ಲಿ ಸೈಟುಗಳ ಹೊಂದಾಣಿಕೆಯ ತಪ್ಪು ಹೆಚ್ಚು ಕಡಿಮೆ ಮೂರು ಪಟ್ಟು ದುಬಾರಿ. ಹೊಸಬರು ಮಾಡುವುದೇನು? ಕಣ್ಣಿಗೆ ರಾಚುವ ಓಲಾಟವನ್ನು ನಿಲ್ಲಿಸಲು ಹೆಣಗಾಡುತ್ತಾರೆ, ಆ ಹೆಣಗಾಟದಲ್ಲಿ ಮಣಿಕಟ್ಟು ಬಾಗುತ್ತದೆ, ಕಣ್ಣಿಗೆ ಕಾಣದಷ್ಟು ಸಣ್ಣ ತಪ್ಪು ನುಸುಳಿ ಐದು ಅಂಕವನ್ನು ತಿಂದು ಹಾಕುತ್ತದೆ. ಓಲಾಟವನ್ನು ಒಪ್ಪಿಕೊಂಡು, ಹೊಂದಾಣಿಕೆಯನ್ನು ಮಾತ್ರ ಕಾಯುವುದೇ ದೂರದ ಪಿಸ್ತೂಲ್ ಶೂಟಿಂಗಿನ ತಿರುಳು.

10 ಮೀಟರ್ ಏರ್ ಪಿಸ್ತೂಲಿನಲ್ಲಿ ಚೆನ್ನಾಗಿ ಹೊಡೆಯುವವರು 50 ಮೀಟರಿಗೆ ಬಂದಾಗ ಅಂಕ ಕುಸಿಯುವುದಕ್ಕೂ ಲೆಕ್ಕದಲ್ಲೇ ಉತ್ತರವಿದೆ. 10 ಮೀಟರಿನ ಹತ್ತರ ವೃತ್ತ 11.5 ಮಿಲಿಮೀಟರ್, ಕೋನದ ಪ್ರಕಾರ ಅದು 50 ಮೀಟರಿನ ಹತ್ತಕ್ಕಿಂತ ಸ್ವಲ್ಪವೇ ದೊಡ್ಡದು. ಆದರೆ ಪೆಲೆಟ್ಟಿನ (ಏರ್ ಪಿಸ್ತೂಲಿನ ಪುಟ್ಟ ಗುಂಡಿನ) ಅಂಚು ಗೆರೆಗೆ ತಾಗಿದರೂ ಮೇಲಿನ ಅಂಕ ಸಿಗುವುದರಿಂದ, 4.5 ಮಿಲಿಮೀಟರ್ ದಪ್ಪದ ಪೆಲೆಟ್ಟು ಹತ್ತಿರದ ಆ ಪುಟ್ಟ ಗುರಿಯಲ್ಲಿ ಧಾರಾಳವಾಗಿ ನೆರವಾಗುತ್ತದೆ. 5.6 ಮಿಲಿಮೀಟರಿನ ಗುಂಡು 50 ಮೀಟರಿನ ದೊಡ್ಡ ಗುರಿಯಲ್ಲಿ ಅಷ್ಟು ಕೈಹಿಡಿಯುವುದಿಲ್ಲ. ಜೊತೆಗೆ ಇಲ್ಲಿ ವೃತ್ತಗಳ ನಡುವಣ ಅಂತರವೂ ಕೋನದ ಲೆಕ್ಕದಲ್ಲಿ ಕಿರಿದು. 10 ಮೀಟರಿನಲ್ಲಿ ಅಂಚು ಸವರಿ ಹತ್ತು ಕೊಟ್ಟ ತಪ್ಪು ಇಲ್ಲಿ ಒಂಬತ್ತಾಗುತ್ತದೆ. ಅಲ್ಲಿ ಅಂಚು ಸವರಿ ಒಂಬತ್ತು ಕೊಟ್ಟದ್ದು ಇಲ್ಲಿ ಏಳಕ್ಕೆ ಇಳಿಯುತ್ತದೆ. ಕೊರಿಯಾದ ಜಿನ್ ಜೊಂಗ್-ಒ 2009ರಲ್ಲಿ 10 ಮೀಟರಿನಲ್ಲಿ 600ಕ್ಕೆ 594 ಹೊಡೆದವರು. 50 ಮೀಟರಿನಲ್ಲಿ ಅವರು 2014ರಲ್ಲಿ ಬರೆದ ದಾಖಲೆ 583. ಅದಕ್ಕೂ ಮುಂಚಿನ 581, ಸೋವಿಯತ್ ಒಕ್ಕೂಟದ ಅಲೆಕ್ಸಾಂಡರ್ ಮೆಲೆಂತಿಯೆವ್ 1980ರ ಮಾಸ್ಕೊ ಒಲಿಂಪಿಕ್ಸ್‌ನಲ್ಲಿ ಹೊಡೆದದ್ದು, 34 ವರ್ಷ ಅಲುಗದೆ ನಿಂತಿತ್ತು.

ನಿಲುವು ಮತ್ತು ಹಿಡಿತ

ಪಾದಗಳನ್ನು ಭುಜದಗಲ ಇಟ್ಟು, ಗುರಿಗೆ ಅಡ್ಡವಾಗಿ ಅಥವಾ ಸ್ವಲ್ಪ ಓರೆಯಾಗಿ ನಿಲ್ಲಿ. ಖಾಲಿ ಕೈಯನ್ನು ಜೇಬಿನಲ್ಲೋ ಬೆಲ್ಟಿನಲ್ಲೋ ಸಿಕ್ಕಿಸಿಬಿಡಿ. ಅದು ನೇತಾಡುತ್ತಿದ್ದರೆ ಮೈಯೂ ತೂಗುತ್ತದೆ. ತಲೆಯನ್ನು ನೇರವಾಗಿಟ್ಟು ಗುರಿಯ ಕಡೆ ತಿರುಗಿಸಬೇಕೇ ಹೊರತು ಸೈಟನ್ನು ಹುಡುಕಿಕೊಂಡು ಕತ್ತನ್ನು ಬಾಗಿಸಬಾರದು. ನಂತರ ಕಣ್ಣು ಮುಚ್ಚಿ, ತೋಳನ್ನು ಎತ್ತಿ, ಅದು ತಾನಾಗಿ ನಿಂತಲ್ಲಿ ನಿಲ್ಲಿಸಿ, ಕಣ್ಣು ತೆರೆಯಿರಿ. ಸೈಟು ಗುರಿಯ ಎಡಕ್ಕೋ ಬಲಕ್ಕೋ ಕಂಡರೆ ತೋಳನ್ನು ಸರಿಸಬೇಡಿ, ಹಿಂದಿನ ಪಾದವನ್ನು ಒಂದೆರಡು ಬೆರಳಿನಷ್ಟು ಸರಿಸಿ ಮತ್ತೆ ಪರೀಕ್ಷಿಸಿ. ತೋಳನ್ನು ಸ್ನಾಯುಬಲದಿಂದ ಎಳೆದು ಗುರಿಗೆ ತಂದರೆ, ಟ್ರಿಗರ್ ಬಿಡುಗಡೆಯಾಗುವ ಕ್ಷಣದಲ್ಲಿ ಆ ಸ್ನಾಯು ತನ್ನ ಜಾಗಕ್ಕೆ ಮರಳಲು ಹವಣಿಸುತ್ತದೆ, ಗುಂಡೂ ಅದರ ಜೊತೆಗೇ ಹೋಗುತ್ತದೆ. ಈ ಪರೀಕ್ಷೆಯನ್ನು ಅಭ್ಯಾಸದ ಆರಂಭದಲ್ಲಿ ಒಮ್ಮೆ ಮಾಡಿ ಮರೆಯುವವರೇ ಹೆಚ್ಚು. ಹತ್ತು ಗುಂಡಿಗೊಮ್ಮೆ ಮಾಡಬೇಕು, ನೀರು ಕುಡಿಯಲು ಹೋಗಿ ಬಂದ ಮೇಲಂತೂ ಮಾಡಲೇಬೇಕು.

ಫ್ರೀ ಪಿಸ್ತೂಲಿನ ಮರದ ಹಿಡಿ ಕೈಯನ್ನು ಸುತ್ತಲೂ ಆವರಿಸಬಹುದು, ಆದರೆ ಮಣಿಕಟ್ಟಿಗೆ ಆಸರೆ ಕೊಡುವಂತಿಲ್ಲ. ಹಿಡಿ ಅಂಗೈಯ ಅಚ್ಚಿನಂತೆ ಕೂರಬೇಕು. ಬಿಗಿಯಾಗಿ ಒತ್ತುವ ಕಡೆ ಅರದಿಂದ ಸವರಿ, ಸಡಿಲವಿರುವ ಕಡೆ ಮರದ ಪುಟ್ಟಿ ತುಂಬಿ, ವಾರಗಟ್ಟಲೆ ತಿದ್ದುತ್ತ ಹೋಗಬೇಕಾಗುತ್ತದೆ. ನನ್ನ ಹಿಡಿಯ ಮೇಲೆ ಹೆಬ್ಬೆರಳಿನ ಬುಡ ಕೂರುವ ಜಾಗ ನಾಲ್ಕು ಸಲ ತುಂಬಿ ನಾಲ್ಕು ಸಲ ಕೆತ್ತಿದ್ದರಿಂದ ಗೋಡೆಯ ತೇಪೆಯಂತೆ ಕಾಣುತ್ತದೆ. ಪರೀಕ್ಷೆ ಸರಳ: ಗುಂಡಿಲ್ಲದ ಪಿಸ್ತೂಲನ್ನು ಹಿಡಿದು, ಕಣ್ಣು ಮುಚ್ಚಿ ಎತ್ತಿ, ತೆರೆದಾಗ ಮುಂದಿನ ಸೈಟು ಹಿಂದಿನ ಸೀಳಿನ ನಡುವೆಯೇ ಇರಬೇಕು. ಪ್ರತಿ ಸಲವೂ ಒಂದೇ ಕಡೆಗೆ ಸರಿದಿದ್ದರೆ ತಪ್ಪಿರುವುದು ಮರದ ಹಿಡಿಯಲ್ಲಿ, ನಿಮ್ಮಲ್ಲಲ್ಲ. ಹಿಡಿತದ ಬಿಗಿ ಎಷ್ಟಿರಬೇಕು ಎಂಬುದಕ್ಕೆ ಪ್ರತಿಯೊಬ್ಬ ಕೋಚ್ ಹತ್ತಿರವೂ ಒಂದೊಂದು ಹೋಲಿಕೆ ಇರುತ್ತದೆ. ನನ್ನ ಅನುಭವದಲ್ಲಿ ಬಿಗಿ ಎಷ್ಟು ಎಂಬುದಕ್ಕಿಂತ ಮೊದಲ ಗುಂಡಿಗೂ ಅರವತ್ತನೆಯದಕ್ಕೂ ಅದು ಒಂದೇ ಆಗಿರುವುದು ಮುಖ್ಯ.

ಕಣ್ಣು

ಮನುಷ್ಯನ ಕಣ್ಣು ಹಿಂದಿನ ಸೈಟು, ಮುಂದಿನ ಸೈಟು ಮತ್ತು 50 ಮೀಟರ್ ದೂರದ ಗುರಿ ಇವು ಮೂರನ್ನೂ ಒಟ್ಟಿಗೆ ನಿಚ್ಚಳವಾಗಿ ನೋಡಲಾರದು. ಮೇಲಿನ ಲೆಕ್ಕ ಅರ್ಥವಾಗಿದ್ದರೆ ಯಾವುದನ್ನು ಆರಿಸಬೇಕೆಂಬುದರಲ್ಲಿ ಅನುಮಾನ ಉಳಿಯುವುದಿಲ್ಲ: ಮುಂದಿನ ಸೈಟಿನ ಮೇಲಂಚು ಕತ್ತರಿಸಿದ ಹಾಗೆ ಚೂಪಾಗಿ ಕಾಣಬೇಕು, ಗುರಿ ಬೂದು ಮೆತ್ತಿದ ಮಸುಕು ಚುಕ್ಕೆಯಂತೆ ಕಾಣಬೇಕು. ಇದನ್ನು ಹೇಳುವುದು ಸುಲಭ. ನಾನು ಮೊದಲ ವರ್ಷವಿಡೀ ಸೈಟನ್ನೇ ನೋಡುತ್ತಿದ್ದೇನೆ ಎಂದು ಪ್ರಾಮಾಣಿಕವಾಗಿ ನಂಬಿದ್ದೆ. ಆದರೆ ಬೆರಳು ಒತ್ತುವ ಕೊನೆಯ ಅರೆ ಸೆಕೆಂಡಿನಲ್ಲಿ ದೃಷ್ಟಿ ಕದ್ದು ಗುರಿಯ ಕಡೆಗೆ ಓಡುತ್ತಿತ್ತು ಎಂಬುದು ಕೋಚ್ ಗುರಿಯ ಕಾಗದವನ್ನು ತಿರುಗಿಸಿ ಬರೀ ಬಿಳಿ ಹಿಂಬದಿಗೆ ಹೊಡೆಸಿದ ದಿನ ತಿಳಿಯಿತು. ಕಪ್ಪು ವೃತ್ತವೇ ಇಲ್ಲದ ಆ ಹಾಳೆಯ ಮೇಲೆ ನನ್ನ ಗ್ರೂಪ್, ಅಂದರೆ ಗುಂಡುಗಳು ಬಿದ್ದ ಜಾಗದ ಹರವು, ಎಂದಿಗಿಂತ ಚಿಕ್ಕದಾಗಿ ಬಂದಿತ್ತು. ನೀವೂ ವಾರಕ್ಕೊಮ್ಮೆ ಹತ್ತು ಗುಂಡನ್ನಾದರೂ ಬಿಳಿ ಹಾಳೆಗೆ ಮೀಸಲಿಡಿ.

ಗುರಿಯ ಕಪ್ಪು ಭಾಗದ ನಟ್ಟನಡುವೆ ಸೈಟನ್ನು ಇಡಲು ಹೋಗಬಾರದು. ಕಪ್ಪಿನ ಮೇಲೆ ಕಪ್ಪು ಕಳೆದುಹೋಗುತ್ತದೆ. ಕಪ್ಪು ವೃತ್ತದ ಕೆಳಗೆ ಸ್ವಲ್ಪ ಬಿಳಿ ಜಾಗ ಬಿಟ್ಟು ಅಲ್ಲಿ ಸೈಟು ನೆಲೆಗೊಳ್ಳಲಿ, ಗುಂಡು ನಡುವಿಗೆ ಬೀಳುವಂತೆ ಹಿಂದಿನ ಸೈಟನ್ನು ಹೊಂದಿಸಿಕೊಳ್ಳಿ. ಆ ಬಿಳಿ ಜಾಗ ಒಂದು ಬಿಂದುವಲ್ಲ, ಒಂದು ಪ್ರದೇಶ ಎಂದು ತಿಳಿದುಕೊಂಡರೆ ಮನಸ್ಸಿನ ಅರ್ಧ ಗಲಿಬಿಲಿ ಕಡಿಮೆಯಾಗುತ್ತದೆ. ಸೈಟಿನ ಎರಡೂ ಬದಿಯ ಬೆಳಕಿನ ಗೆರೆಗಳು ಸಮವಾಗಿರಬೇಕು. ಅವು ತೀರ ಕಿರಿದಾಗಿದ್ದರೆ ಕಣ್ಣು ಬೇಗ ದಣಿಯುತ್ತದೆ, ಆದ್ದರಿಂದ ಸೀಳನ್ನು ಧಾರಾಳವಾಗಿಯೇ ಇಟ್ಟುಕೊಳ್ಳಿ. ನಲವತ್ತು ದಾಟಿದವರಿಗೆ ಮುಂದಿನ ಸೈಟು ಮಸುಕಾಗತೊಡಗುತ್ತದೆ. ದೂರ ನೋಡಲು ಹಾಕುವ ಕನ್ನಡಕದ ನಂಬರಿಗೆ ಅರ್ಧದಿಂದ ಮುಕ್ಕಾಲು ಡಯಾಪ್ಟರ್ ಸೇರಿಸಿದ ಲೆನ್ಸು ಸಾಮಾನ್ಯವಾಗಿ ಸಾಕಾಗುತ್ತದೆ. ಕಣ್ಣಿನ ವೈದ್ಯರಿಗೆ ಚಾಚಿದ ತೋಳಿನ ತುದಿಯ ದೂರವನ್ನು ಅಳೆದು ಹೇಳಬೇಕು, ಓದುವ ದೂರವನ್ನಲ್ಲ. ಇನ್ನೊಂದು ಕಣ್ಣನ್ನು ಮುಚ್ಚಿ ಮುಖ ಕಿವುಚಿಕೊಳ್ಳುವ ಬದಲು ಅದರ ಮುಂದೆ ಬೆಳಕು ತೂರುವ ಮಸುಕು ಪಟ್ಟಿಯೊಂದನ್ನು ಇಟ್ಟುಕೊಳ್ಳಿ.

ಬಯಲು ರೇಂಜಿನಲ್ಲಿ ಸೂರ್ಯನ ಬೆಳಕು ಸೈಟಿನ ಮೇಲೆ ಮಿಂಚಿದರೆ ಅಂಚು ಸುಳ್ಳು ಹೇಳುತ್ತದೆ. ಇದಕ್ಕೆ ಹಳೆಯ ಉಪಾಯವೊಂದಿದೆ: ಖಾಲಿ ಪಿಸ್ತೂಲನ್ನು ಗುಂಡುಗಳಿಂದ ದೂರ ಒಯ್ದು, ಒಂದು ಬಿಲ್ಲೆ ಕರ್ಪೂರ ಹಚ್ಚಿ, ಅಜ್ಜಿಯರು ಕಾಡಿಗೆ ಹಿಡಿಯುತ್ತಿದ್ದ ಹಾಗೆ ಅದರ ಹೊಗೆಯನ್ನು ಸೈಟುಗಳಿಗೆ ಹಿಡಿಸುವುದು. ಹೀಗೆ ಕೂತ ಮಸಿಯಷ್ಟು ಹೊಳಪಿಲ್ಲದ ಕಪ್ಪು ಡಬ್ಬಿಯ ಬಣ್ಣದಲ್ಲಿ ಸಿಗುವುದಿಲ್ಲ. ಬೆರಳು ತಾಗಿದರೆ ಅಳಿಸಿಹೋಗುತ್ತದೆ ಎಂಬುದೊಂದೇ ಅದರ ತೊಂದರೆ.

ಟ್ರಿಗರ್

ಕಣ್ಣು ಒಳ್ಳೆಯ ಚಿತ್ರ ನೋಡಿ, ಮಿದುಳು ಈಗ ಹೊಡೆ ಎಂದು ಹೇಳಿ, ಬೆರಳು ಒತ್ತುವಷ್ಟರಲ್ಲಿ ಸೆಕೆಂಡಿನ ಐದನೇ ಒಂದು ಭಾಗ ಕಳೆದಿರುತ್ತದೆ. ಓಲಾಡುತ್ತಿರುವ ಸೈಟು ಅಷ್ಟರಲ್ಲಿ ಬೇರೆಲ್ಲಿಗೋ ಹೋಗಿರುತ್ತದೆ. ಹತ್ತನ್ನು ಕಂಡು ಹತ್ತನ್ನು ಹಿಡಿಯಲು ಹೋಗುವವರು ಸೋಲುವುದು ಇಲ್ಲಿಯೇ, ಅಷ್ಟೇ ಅಲ್ಲ, ಅವಸರದ ಒತ್ತಡದಿಂದ ನಳಿಕೆಯನ್ನು ಕೆಳಗೆ ತಳ್ಳಿ ಹೊಂದಾಣಿಕೆಯನ್ನೂ ಕೆಡಿಸುತ್ತಾರೆ. ಬಲಗೈ ಶೂಟರ್ ಗುರಿಯಲ್ಲಿ ಎಡ ಕೆಳಗೆ ಬಿದ್ದ ಒಂಟಿ ಗುಂಡು ಬಹುತೇಕ ಈ ಆತುರದ ಸಹಿ.

ಸರಿಯಾದ ಕ್ರಮ ಹೀಗಿದೆ. ಉಸಿರೆಳೆದುಕೊಳ್ಳುತ್ತ ತೋಳನ್ನು ಗುರಿಯ ಮೇಲಕ್ಕೆ ಎತ್ತಿ, ಉಸಿರು ಬಿಡುತ್ತ ನಿಧಾನವಾಗಿ ಇಳಿಸಿ, ಸೈಟು ಕಪ್ಪಿನ ಕೆಳಗಿನ ಪ್ರದೇಶಕ್ಕೆ ಬಂದಾಗ ಉಸಿರನ್ನು ಹಾಗೆಯೇ ನಿಲ್ಲಿಸಿ. ಬೆರಳಿನ ಮೊದಲ ಗೆಣ್ಣಿನ ಮೆತ್ತೆ ಮಾತ್ರ ಟ್ರಿಗರಿಗೆ ತಾಗಿರಲಿ, ಬೆರಳಿನ ಉಳಿದ ಭಾಗ ಹಿಡಿಯ ಮರವನ್ನು ಸೋಕದಿರಲಿ. ಒತ್ತಡ ಸೈಟು ನೆಲೆಗೊಳ್ಳುವ ಮುಂಚೆಯೇ ಆರಂಭವಾಗಿ, ಓಲಾಟ ತಗ್ಗುತ್ತಿರುವಂತೆ ಒಂದೇ ಹದದಲ್ಲಿ ಏರುತ್ತ ಹೋಗಬೇಕು, ಮತ್ತು ಗುಂಡು ಯಾವ ಕ್ಷಣದಲ್ಲಿ ಹಾರಿತು ಎಂಬುದು ನಿಮಗೇ ಸಣ್ಣ ಅಚ್ಚರಿಯಾಗಬೇಕು. ಫ್ರೀ ಪಿಸ್ತೂಲಿನ ಟ್ರಿಗರಿಗೆ ಕನಿಷ್ಠ ತೂಕದ ನಿಯಮವಿಲ್ಲ. ಏರ್ ಪಿಸ್ತೂಲಿಗೆ 500 ಗ್ರಾಂ, 25 ಮೀಟರ್ ಪಿಸ್ತೂಲಿಗೆ 1000 ಗ್ರಾಂ ಇರುವಲ್ಲಿ ಇದನ್ನು ಕೆಲವೇ ಹತ್ತು ಗ್ರಾಂಗಳಿಗೆ ಇಳಿಸಿಕೊಳ್ಳಬಹುದು. ಹೊಸಬರು ಹಾಗೆ ಮಾಡಬಾರದು ಎಂಬುದು ನನ್ನ ಅಭಿಪ್ರಾಯ. ಅಷ್ಟು ಹಗುರಾದ ಟ್ರಿಗರಿಗೆ ಬೆರಳು ತಾಗಿಸಲೇ ಹೆದರಿಕೆಯಾಗಿ, ಕೊನೆಗೆ ಅದನ್ನು ಕುಟುಕುವ ಚಟ ಅಂಟಿಕೊಳ್ಳುತ್ತದೆ. ಮೊದಲ ಆರು ತಿಂಗಳು ಬೆರಳಿಗೆ ಭಾರ ಗೊತ್ತಾಗುವಷ್ಟು ಇಟ್ಟುಕೊಂಡು ಆಮೇಲೆ ಇಳಿಸಿ.

ಸೈಟು ನೆಲೆಗೊಂಡ ಮೇಲೆ ಐದರಿಂದ ಎಂಟು ಸೆಕೆಂಡಿನೊಳಗೆ ಗುಂಡು ಹಾರದಿದ್ದರೆ ತೋಳನ್ನು ಇಳಿಸಿಬಿಡಿ. ಇಷ್ಟು ಹೊತ್ತು ಹಿಡಿದದ್ದು ವ್ಯರ್ಥವಾಯಿತಲ್ಲ ಎಂಬ ಲೋಭದಿಂದ ಇನ್ನೂ ಮೂರು ಸೆಕೆಂಡು ಎಳೆದಾಗ ಉಸಿರು ಸಾಲದೆ ದೃಷ್ಟಿ ಮಂಜಾಗುತ್ತದೆ, ಸ್ನಾಯು ನಡುಗುತ್ತದೆ. ಎಲೆಕ್ಟ್ರಾನಿಕ್ ಗುರಿಗಳಿರುವ ಪಂದ್ಯದಲ್ಲಿ 60 ಗುಂಡಿಗೆ 90 ನಿಮಿಷ ಸಿಗುತ್ತದೆ, ಗುಂಡೊಂದಕ್ಕೆ ಒಂದೂವರೆ ನಿಮಿಷ. ತೋಳನ್ನು ಇಳಿಸಿ ಮತ್ತೆ ಎತ್ತಲು ಅದು ಧಾರಾಳ. ಗುಂಡು ಹಾರಿದ ಮೇಲೂ ಒಂದೆರಡು ಸೆಕೆಂಡು ಸೈಟನ್ನು ನೋಡುತ್ತಲೇ ಇರಿ, ಬೆರಳನ್ನು ಹಿಂದೆಯೇ ಹಿಡಿದಿರಿ, ಏಕೆಂದರೆ ಹೊಡೆದಾಯಿತು ಎಂದು ಮುಂಚಿತವಾಗಿ ಸಡಿಲವಾಗುವ ಮಣಿಕಟ್ಟು ಗುಂಡು ನಳಿಕೆ ಬಿಡುವ ಮುಂಚೆಯೇ ಸಡಿಲವಾಗತೊಡಗುತ್ತದೆ.

ಮನೆಯ ಅಭ್ಯಾಸ

ಈ ವಿದ್ಯೆಯ ಹೆಚ್ಚಿನ ಭಾಗ ಗುಂಡಿಲ್ಲದೆ ಬರುತ್ತದೆ. ಖಾಲಿ ಪಿಸ್ತೂಲನ್ನು ಎರಡು ಸಲ ಪರೀಕ್ಷಿಸಿ, ಗುಂಡುಗಳನ್ನು ಬೇರೆ ಕೋಣೆಯಲ್ಲಿಟ್ಟು, ಡ್ರೈ ಫೈರಿಂಗ್ (ಗುಂಡಿಲ್ಲದೆ ಟ್ರಿಗರ್ ಒತ್ತುವುದು) ಮಾಡುವ ಏರ್ಪಾಡು ಪಿಸ್ತೂಲಿನಲ್ಲಿ ಇದೆಯೇ ಎಂದು ಖಚಿತಪಡಿಸಿಕೊಂಡು, ಬಿಳಿ ಗೋಡೆಯೆದುರು ನಿಂತು ದಿನಕ್ಕೆ ಇಪ್ಪತ್ತು ನಿಮಿಷ ಸೈಟನ್ನು ನೋಡುತ್ತ ಟ್ರಿಗರ್ ಬಿಡುಗಡೆ ಮಾಡಿ. ಬಿಡುಗಡೆಯ ಕ್ಷಣದಲ್ಲಿ ಮುಂದಿನ ಸೈಟು ಮಿಸುಕಿದರೆ ಗೋಡೆಯ ಬಿಳುಪಿನಲ್ಲಿ ಅದು ನಾಚಿಕೆಯಾಗುವಷ್ಟು ಸ್ಪಷ್ಟವಾಗಿ ಕಾಣುತ್ತದೆ. ನಳಿಕೆಯ ಮೇಲೆ ಒಂದು ರೂಪಾಯಿಯ ನಾಣ್ಯ ಇಟ್ಟು ಅದು ಬೀಳದಂತೆ ಬಿಡುಗಡೆ ಮಾಡುವುದೂ ಒಳ್ಳೆಯ ಕಸರತ್ತು. ತೋಳಿನ ಬಲಕ್ಕೆ ಪಿಸ್ತೂಲಿನಷ್ಟೇ ತೂಕದ, ಸುಮಾರು ಒಂದೂಕಾಲು ಕಿಲೋದ ನೀರಿನ ಬಾಟಲಿಯನ್ನು ಮೂವತ್ತು ಸೆಕೆಂಡು ಎತ್ತಿ ಹಿಡಿದು ಒಂದು ನಿಮಿಷ ಬಿಡುವು ಕೊಡುವುದನ್ನು ಹತ್ತು ಸಲ ಮಾಡಿದರೆ ಸಾಕು; ಪಂದ್ಯದಲ್ಲಿ ಸೈಟರ್ ಗುಂಡುಗಳು (ಅಂಕಕ್ಕೆ ಸೇರದ ಮೊದಲ ಪರೀಕ್ಷಾ ಗುಂಡುಗಳು), ಹೊಡೆಯದೆ ಇಳಿಸಿದ್ದು ಎಲ್ಲ ಸೇರಿ ನೂರರಷ್ಟು ಸಲ ತೋಳು ಎತ್ತಬೇಕಾಗುತ್ತದೆ.

ಗುಂಡು, ಗಾಳಿ, ಕ್ಲಿಕ್

0.22 ಗುಂಡು ಪಿಸ್ತೂಲಿನಿಂದ ಸೆಕೆಂಡಿಗೆ 300 ಮೀಟರ್ ಆಸುಪಾಸಿನ ವೇಗದಲ್ಲಿ ಹೊರಡುತ್ತದೆ, 50 ಮೀಟರ್ ಮುಟ್ಟುವಷ್ಟರಲ್ಲಿ ಸುಮಾರು 14 ಸೆಂಟಿಮೀಟರ್ ಕೆಳಗಿಳಿಯುತ್ತದೆ. ಇಳಿತವನ್ನು ಸೈಟು ಸರಿದೂಗಿಸುತ್ತದೆ. ಸರಿದೂಗಿಸಲಾಗದ್ದು ಗುಂಡಿನಿಂದ ಗುಂಡಿಗೆ ವೇಗ ಬದಲಾದಾಗ ಆಗುವ ಏರುಪೇರು. ಒಂದೇ ಹೆಸರಿನ ಡಬ್ಬಿಗಳಲ್ಲೂ ಲಾಟ್ ಸಂಖ್ಯೆ (ಒಟ್ಟಿಗೆ ತಯಾರಾದ ಕಂತಿನ ಸಂಖ್ಯೆ) ಬೇರೆಯಾದರೆ ಗ್ರೂಪ್ ಬೇರೆಯಾಗುತ್ತದೆ, ಆದ್ದರಿಂದ ಪಿಸ್ತೂಲನ್ನು ಆಸರೆಯ ಮೇಲಿಟ್ಟು ಮೂರು ನಾಲ್ಕು ಲಾಟುಗಳನ್ನು ಹೋಲಿಸಿ, ಹತ್ತರೊಳಗೆ ನಿಲ್ಲುವುದನ್ನು ಇಡೀ ಋತುವಿಗೆ ಸಾಕಾಗುವಷ್ಟು ಒಟ್ಟಿಗೆ ಪಡೆಯಿರಿ. ಗಾಳಿ ಗುಂಡನ್ನು ತಳ್ಳುವುದಕ್ಕಿಂತ ತೋಳನ್ನು ತಳ್ಳುವುದೇ ಹೆಚ್ಚಿನ ಉಪದ್ರವ. ಬೀಸು ನಿಲ್ಲುವವರೆಗೆ ಕಾಯುವುದು ಬಿಟ್ಟರೆ ಅದಕ್ಕೆ ಬೇರೆ ಮದ್ದಿಲ್ಲ.

ಇನ್ನು ಕ್ಲಿಕ್‌ಗಳ, ಅಂದರೆ ಹಿಂದಿನ ಸೈಟನ್ನು ತಿರುಪಿನಿಂದ ಸರಿಸುವ ಸಣ್ಣ ಹಂತಗಳ ವಿಷಯ. ಒಮ್ಮೆ ಪಂದ್ಯವೊಂದರಲ್ಲಿ ನನ್ನ ಎರಡು ಗುಂಡು ಬಲಕ್ಕೆ ಬಿದ್ದವೆಂದು ಸೈಟನ್ನು ಎರಡು ಕ್ಲಿಕ್ ಎಡಕ್ಕೆ ತಿರುಗಿಸಿದೆ, ಮುಂದಿನದು ಎಡಕ್ಕೆ ಬಿತ್ತು, ಮತ್ತೆ ಬಲಕ್ಕೆ ತಿರುಗಿಸಿದೆ. ಹೀಗೆ ಇಪ್ಪತ್ತು ಗುಂಡುಗಳವರೆಗೆ ನನ್ನ ತಪ್ಪನ್ನೇ ನಾನು ಬೆನ್ನಟ್ಟಿದೆ. ಇದನ್ನು ತಪ್ಪಿಸುವ ದಾರಿ ಗುಂಡನ್ನು ಕಾಲ್ ಮಾಡುವುದು. ಗುಂಡು ಹಾರಿದ ಕ್ಷಣದಲ್ಲಿ ಸೈಟು ಎಲ್ಲಿತ್ತು ಎಂಬುದನ್ನು ನೆನಪಿನಲ್ಲಿ ಹಿಡಿದು, ಪರದೆಯತ್ತ ಕಣ್ಣು ಹಾಯಿಸುವ ಮುಂಚೆ, ಎಂಟು, ಬಲಕ್ಕೆ, ಸ್ವಲ್ಪ ಕೆಳಗೆ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳಬೇಕು. ಅಭ್ಯಾಸದ ದಿನ ಅದನ್ನು ಪುಸ್ತಕದಲ್ಲಿ ಒಂದು ಚುಕ್ಕೆಯಾಗಿ ಬರೆದು, ಪಕ್ಕದಲ್ಲಿ ನಿಜವಾಗಿ ಬಿದ್ದ ಜಾಗವನ್ನು ಇನ್ನೊಂದು ಬಣ್ಣದ ಚುಕ್ಕೆಯಾಗಿ ಬರೆಯಬೇಕು. ಬಲಕ್ಕೆ ಎಂದು ಕಾಲ್ ಮಾಡಿದ್ದು ಬಲಕ್ಕೇ ಬಿದ್ದರೆ ಸೈಟು ಸರಿಯಿದೆ, ಮುಟ್ಟಬೇಡಿ. ಹತ್ತು ಎಂದು ಕಾಲ್ ಮಾಡಿದ ಐದು ಗುಂಡುಗಳೂ ಒಂದೇ ಕಡೆ ಸರಿದು ಬಿದ್ದಿದ್ದರೆ ಬೆಳಕು ಬದಲಾಗಿದೆ, ಧೈರ್ಯವಾಗಿ ತಿರುಗಿಸಿ. ಕಾಲ್‌ಗೂ ಬಿದ್ದ ಜಾಗಕ್ಕೂ ಯಾವ ಸಂಬಂಧವೂ ಇಲ್ಲದೆ ಚೆದುರಿದ್ದರೆ, ಕೊನೆಯ ಅರೆ ಸೆಕೆಂಡಿನಲ್ಲಿ ನೀವು ಸೈಟನ್ನು ನೋಡುತ್ತಿರಲಿಲ್ಲ ಎಂದರ್ಥ; ಪಿಸ್ತೂಲನ್ನು ಕೆಳಗಿಟ್ಟು, ಎರಡು ನಿಮಿಷ ಕುಳಿತು, ಮುಂದಿನ ಗುಂಡಿಗೆ ಮುಂದಿನ ಸೈಟಿನ ಮೇಲಂಚೊಂದನ್ನೇ ಕೆಲಸವಾಗಿಟ್ಟುಕೊಂಡು ಏಳಿ.

ರಿಯೊದ ಫೈನಲ್‌ನಲ್ಲಿ ಜಿನ್ ಜೊಂಗ್-ಒ ಅವರಿಂದಲೂ ಬರೀ 6.6 ಅಂಕದ ಒಂದು ಗುಂಡು ಹಾರಿತ್ತು (ಫೈನಲ್‌ನಲ್ಲಿ ಅಂಕವನ್ನು ದಶಮಾಂಶದಲ್ಲಿ ಎಣಿಸುತ್ತಾರೆ). ಅವರ ಮಟ್ಟದಲ್ಲಿ ಅದು ಪಂದ್ಯವನ್ನೇ ಕಳೆದುಕೊಳ್ಳುವಂಥ ಗುಂಡು. ಅವರು ಅಲ್ಲಿಂದ ಒಂದೊಂದೇ ಗುಂಡನ್ನು ಹೊಡೆಯುತ್ತ ಮೇಲೇರಿ, ಈ ಸ್ಪರ್ಧೆಯಲ್ಲಿ ಸತತ ಮೂರನೆಯ ಒಲಿಂಪಿಕ್ ಚಿನ್ನವನ್ನು ಪಡೆದರು.